ಒಂಬತ್ತು ಕ್ಷೇತ್ರ ಬೇಡ, ಮೂರು ಸಾಕು: ‘ಎಲ್ಲೆಲ್ಲೂ ಸಂಪೂರ್ಣ ಕ್ರಮ’ ಲೇಖನಕ್ಕೆ ಸಂಪಾದಕರ ಉತ್ತರ

ಮಂಡ್ಯದ ಲೇಖಕ ಮಿತ್ರರಿಗೆ, ಮೈಸೂರಿನಿಂದ ನಮಸ್ಕಾರ.

‘ಎಲ್ಲೆಲ್ಲೂ ಸಂಪೂರ್ಣ ಕ್ರಮ’ ಎಂಬ ನಿಮ್ಮ ಲೇಖನ ಕೈಸೇರಿದೆ. ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಕಂಪ್ಯೂಟರ್, ಕೃಷಿ ಸಂಶೋಧನೆ, ಅರ್ಥಶಾಸ್ತ್ರ, ನಿಘಂಟು, ಸಂಗೀತ, ಅಧ್ಯಾತ್ಮ ಹೀಗೆ ಒಂಬತ್ತನ್ನು ಒಂದೊಂದು ಪ್ಯಾರಾದಲ್ಲಿ ಮುಟ್ಟಿ, ‘ಎಲ್ಲ ಶಾಸ್ತ್ರಗಳೂ ಹುಡುಕುತ್ತಿರುವುದು ಒಂದೇ ಸಂಪೂರ್ಣ ಕ್ರಮವನ್ನು’ ಎಂದು ಮುಗಿಸಿದ್ದೀರಿ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ರೂಪದಲ್ಲಿ ಅಚ್ಚಿಗೆ ಕೊಡಲಾಗದು. ತೊಡಕಿರುವುದು ಆ ಕೊನೆಯ ವಾಕ್ಯದಲ್ಲೇ. ಗಣಿತದವರಿಗೆ ಕ್ರಮವೆಂದರೆ ಹೋಲಿಕೆಯ ನಿಯಮ. ಭೌತವಿಜ್ಞಾನದವರು ಅಳೆಯುವುದು ಅಣುಗಳ ಜಾಗವನ್ನು, ದಿಕ್ಕನ್ನು. ಕೃಷಿ ಸಂಶೋಧಕರಂತೂ ಒಂದು ಹಂತದಲ್ಲಿ ಕ್ರಮವನ್ನು ಬೇಕೆಂದೇ ಕೆಡಿಸುತ್ತಾರೆ. ಇವೆಲ್ಲ ಒಂದೇ ಎಂದಾಗ ಯಾವುದರ ಬಗ್ಗೆಯೂ ಏನೂ ಹೇಳಿದಂತಾಗಲಿಲ್ಲ.

ಕೃಷಿಯ ಪ್ಯಾರಾದಿಂದಲೇ ಶುರು ಮಾಡೋಣ. ನಿಮ್ಮ ಊರಿನ ಕೃಷಿ ಸಂಶೋಧನಾ ಕೇಂದ್ರದ ವಿಷಯ, ಆದರೆ ದೊಡ್ಡ ತಪ್ಪು ಇರುವುದೂ ಅಲ್ಲೇ. ‘ವಿ.ಸಿ. ಫಾರ್ಮಿನ ಪ್ರಯೋಗದ ತಾಕುಗಳಲ್ಲಿ ತಳಿಗಳು ಸೈನಿಕರಂತೆ ಒಂದೇ ಕ್ರಮದಲ್ಲಿ ನಿಂತಿರುತ್ತವೆ, ಅದಕ್ಕೇ ಫಲಿತಾಂಶ ನಂಬಲು ಯೋಗ್ಯ’ ಎಂದು ಬರೆದಿದ್ದೀರಿ. ಬದು ನೇರವಾಗಿರುತ್ತದೆ, ನಾಟಿಯ ಸಾಲೂ ನೇರವಾಗಿರುತ್ತದೆ, ನಿಜ. ಆದರೆ ಯಾವ ತಾಕಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿಯೋ ಯಾದೃಚ್ಛಿಕ ಸಂಖ್ಯೆಗಳಿಂದಲೋ ತೀರ್ಮಾನಿಸುವುದು ತಳಿ ಹೋಲಿಕೆಯ ಪ್ರಯೋಗದ ಮೊದಲ ಪಾಠ.

ಯಾಕೆ ಎಂಬುದನ್ನು ಹೀಗೆ ತೋರಿಸಿ. ನಾಲ್ಕು ಭತ್ತದ ತಳಿ, ನಾಲ್ಕು ಪುನರಾವರ್ತನೆ, ಒಟ್ಟು 16 ತಾಕು. ನೀರು ತೂಬಿನ ಕಡೆಯಿಂದ ಒಳಗೆ ಬರುತ್ತದೆ. ತೂಬಿನ ಹತ್ತಿರದ ತಾಕಿಗೆ ನೀರು ಮೊದಲು ಸಿಗುತ್ತದೆ, ಅದರ ಜೊತೆ ಬರುವ ಗೋಡೂ ಅಲ್ಲೇ ಹೆಚ್ಚು ಇಳಿಯುತ್ತದೆ. ಕೊನೆಯ ತಾಕಿಗೆ ಎಲ್ಲವೂ ತಡ, ಎಲ್ಲವೂ ಕಡಿಮೆ. ಈಗ ತೂಬಿನಿಂದ ಕೊನೆಯವರೆಗೆ ಎ, ಬಿ, ಸಿ, ಡಿ ಎಂದು ಅದೇ ಕ್ರಮದಲ್ಲಿ ನಾಲ್ಕು ಸಾಲು ನಾಟಿ ಮಾಡಿದರೆ, ಎ ತಳಿ ನಾಲ್ಕು ಸಲವೂ ಒಳ್ಳೆಯ ಜಾಗದಲ್ಲೇ ಕೂತಿರುತ್ತದೆ. ಅದರ ಇಳುವರಿ ಹೆಚ್ಚು ಬಂದರೆ ಅದು ತಳಿಯ ಗುಣವೋ ತೂಬಿನ ಗುಣವೋ ಹೇಳುವಂತಿಲ್ಲ. ನಾಲ್ಕರ ಬದಲು ನಲವತ್ತು ಸಾಲು ಮಾಡಿದರೂ ಅದೇ ಓರೆ ನಲವತ್ತು ಸಲ ಸೇರುತ್ತದೆ, ಸರಾಸರಿಯಲ್ಲಿ ಕರಗುವುದಿಲ್ಲ.

ಪರಿಹಾರದಲ್ಲಿ ಎರಡು ಕೆಲಸ ಇವೆ, ಎರಡನ್ನೂ ಬರೆಯಿರಿ. ತೂಬಿನಿಂದ ಸಮದೂರದಲ್ಲಿರುವ ನಾಲ್ಕು ತಾಕುಗಳನ್ನು ಒಂದು ಬ್ಲಾಕ್ ಮಾಡಬೇಕು. ಅಂದರೆ ಬ್ಲಾಕಿನ ಉದ್ದ ನೀರು ಹರಿಯುವ ದಿಕ್ಕಿಗೆ ಅಡ್ಡವಾಗಿರಬೇಕು. ಪ್ರತಿ ಬ್ಲಾಕಿನಲ್ಲೂ ನಾಲ್ಕೂ ತಳಿ ಇರಬೇಕು. ಇದನ್ನು ‘ಸಂಪೂರ್ಣ ಬ್ಲಾಕ್’ ಎನ್ನುತ್ತಾರೆ, ಆ ವಿಶೇಷಣ ಬಂದಿರುವುದು ಅಷ್ಟಕ್ಕೇ. ಆಮೇಲೆ ಬ್ಲಾಕಿನೊಳಗೆ ಯಾವ ತಳಿ ಎಲ್ಲಿ ಎಂಬುದಕ್ಕೆ ಚೀಟಿ. ಒಂದು ಬ್ಲಾಕಿನಲ್ಲಿ 24 ಬಗೆಯ ಜೋಡಣೆ ಸಾಧ್ಯ, ನಾಲ್ಕೂ ಬ್ಲಾಕ್ ಸೇರಿದರೆ 3,31,776. ಹೊಸಬರು ಎಡವುವುದು ಇಲ್ಲೇ: ಒಮ್ಮೆ ಚೀಟಿ ಎತ್ತಿ ಅದನ್ನೇ ನಾಲ್ಕೂ ಬ್ಲಾಕಿಗೆ ನಕಲು ಮಾಡುತ್ತಾರೆ. ಇಲ್ಲವೇ ಬಂದ ಜೋಡಣೆ ‘ಚೆನ್ನಾಗಿ ಹರಡಿಲ್ಲ’ ಎಂದು ಮತ್ತೆ ಎತ್ತುತ್ತಾರೆ. ಎರಡರಲ್ಲೂ ಕೈಬಿಟ್ಟಿದ್ದ ಕ್ರಮ ಹಿತ್ತಿಲ ಬಾಗಿಲಿಂದ ಮತ್ತೆ ಒಳಗೆ ಬರುತ್ತದೆ.

ತೂಬಿನ ದಿಕ್ಕಿನಲ್ಲೂ ಅದಕ್ಕೆ ಅಡ್ಡವಾಗಿಯೂ ಮಣ್ಣು ಬದಲಾಗುವ ಗದ್ದೆಯಾದರೆ ಲ್ಯಾಟಿನ್ ಚೌಕ ಬಳಸುತ್ತಾರೆ. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಉದ್ದಸಾಲಿನಲ್ಲೂ ಒಂದು ತಳಿ ಒಂದೇ ಸಲ ಬರುತ್ತದೆ. ನಾಲ್ಕು ತಳಿಗೆ ಇಂಥ ಚೌಕಗಳು 576, ಐದಕ್ಕೆ 1,61,280. ನೋಡಲು ಇದು ಬ್ಲಾಕಿಗಿಂತ ಹೆಚ್ಚು ಅಚ್ಚುಕಟ್ಟು, ಆದರೆ ಪುಕ್ಕಟೆಯಲ್ಲ. 16 ತಾಕಿನ ಬ್ಲಾಕ್ ಪ್ರಯೋಗದಲ್ಲಿ ದೋಷವನ್ನು ಅಂದಾಜು ಮಾಡಲು 9 ಡಿಗ್ರಿ ಆಫ್ ಫ್ರೀಡಂ (ಸ್ವತಂತ್ರ ಮಾಹಿತಿಯ ಎಣಿಕೆ) ಉಳಿದರೆ, ಲ್ಯಾಟಿನ್ ಚೌಕದಲ್ಲಿ ಉಳಿಯುವುದು 6 ಮಾತ್ರ. ಒಂದೊಂದು ಕಟ್ಟುಪಾಡಿಗೂ ಹೀಗೆ ಬೆಲೆ ತೆರಬೇಕು. ಚೀಟಿಯ ಪರವಾಗಿ ಇಂಗ್ಲೆಂಡಿನ ರೊಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ನಿಂತರು. ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್, ಎಚ್ಚರಿಕೆಯಿಂದ ಸಮತೋಲನ ಮಾಡಿದ ಕ್ರಮಬದ್ಧ ಜೋಡಣೆಯೇ ಮೇಲು ಎಂದು ವಾದಿಸಿದರು. ಕ್ರಮದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಗಳ ಎಲ್ಲಿ ಸಿಗುತ್ತದೆ? ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಗಣಿತಕ್ಕೆ ಬರೋಣ. ‘ಸಂಖ್ಯೆಗಳೆಲ್ಲ ಸಂಪೂರ್ಣ ಕ್ರಮದಲ್ಲಿವೆ’ ಎಂದಿದ್ದೀರಿ. ಯಾವ ಹೋಲಿಕೆಯ ಪ್ರಕಾರ? 12ರ ಭಾಜಕಗಳನ್ನು ತೆಗೆದುಕೊಳ್ಳಿ: 1, 2, 3, 4, 6, 12. ದೊಡ್ಡದು ಚಿಕ್ಕದು ಎಂದು ನೋಡಿದರೆ ಒಂದೇ ಸಾಲು. ಅದರ ಬದಲು ‘ಶೇಷವಿಲ್ಲದೆ ಭಾಗಿಸುತ್ತದೆ’ ಎಂಬುದನ್ನೇ ನಿಯಮ ಮಾಡಿಕೊಳ್ಳಿ. 2 ನಾಲ್ಕನ್ನು ಭಾಗಿಸುತ್ತದೆ, 4 ಹನ್ನೆರಡನ್ನು ಭಾಗಿಸುತ್ತದೆ, ಆದ್ದರಿಂದ 2 ಹನ್ನೆರಡನ್ನೂ ಭಾಗಿಸುತ್ತದೆ. ಇಲ್ಲಿಯವರೆಗೆ ಸರಿ. ಆದರೆ 4 ಆರನ್ನು ಭಾಗಿಸುವುದಿಲ್ಲ, 6 ನಾಲ್ಕನ್ನೂ ಭಾಗಿಸುವುದಿಲ್ಲ. ಇವೆರಡರಲ್ಲಿ ಯಾವುದು ಮುಂದೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಇದು ಭಾಗಶಃ ಕ್ರಮ. ಯಾವ ಎರಡನ್ನು ಎತ್ತಿಕೊಂಡರೂ ಹೋಲಿಸಲು ಬರುವಂತಿದ್ದರೆ ಮಾತ್ರ ಸಂಪೂರ್ಣ ಕ್ರಮ.

ಇದರ ಚಿತ್ರ ಬರೆಯಿರಿ. ಕೆಳಗೆ 1, ಅದರ ಮೇಲೆ 2 ಮತ್ತು 3. 2ರ ಮೇಲೆ 4. 2 ಮತ್ತು 3 ಎರಡರಿಂದಲೂ ಗೆರೆ ಎಳೆದು 6. ತುದಿಯಲ್ಲಿ 12. ಈಗ ಓದುಗರಿಗೆ ಒಂದು ಕೆಲಸ ಕೊಡಿ: ಯಾವ ಭಾಜಕವೂ ತಾನು ಭಾಗಿಸುವ ಸಂಖ್ಯೆಗಿಂತ ಹಿಂದೆ ಬೀಳದಂತೆ ಆರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕು. ಐದು ಉತ್ತರ ಇವೆ. 1, 2, 3, 4, 6, 12 ಒಂದು. 1, 3, 2, 6, 4, 12 ಇನ್ನೊಂದು. ಉಳಿದ ಮೂರನ್ನು ಅವರೇ ಹುಡುಕಲಿ. ಐದೂ ಸರಿಯಾದ ಸಾಲುಗಳೇ, ಅವುಗಳಲ್ಲಿ ಒಂದನ್ನು ಆರಿಸಿದರೆ ಅದು ನಮ್ಮ ಆಯ್ಕೆ, ಸಂಖ್ಯೆಗಳ ಗುಣವಲ್ಲ.

ನಿಮ್ಮ ಕಂಪ್ಯೂಟರ್ ಪ್ಯಾರಾವನ್ನು ಬೇರೆಯಾಗಿ ಇಡದೆ ಇಲ್ಲಿಗೇ ಜೋಡಿಸಬಹುದು. ಬೇರೆ ಬೇರೆ ಊರಿನ ಎರಡು ಸರ್ವರುಗಳಲ್ಲಿ ಎರಡು ಘಟನೆ ನಡೆದಿವೆ, ಮಧ್ಯೆ ಯಾವ ಸಂದೇಶವೂ ಹೋಗಿಲ್ಲ ಎಂದಾದರೆ, ಒಂದು ಮೊದಲು ಒಂದು ಆಮೇಲೆ ಎನ್ನಲು ಅವುಗಳೊಳಗೆ ಆಧಾರವಿಲ್ಲ. 4 ಮತ್ತು 6ರ ಕಥೆಯೇ. ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ತೋರಿಸಿದ ದಾರಿ ಇದು: ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಳ್ಳುತ್ತದೆ, ಸಂದೇಶ ಬಂದಾಗ ಅದರಲ್ಲಿರುವ ಎಣಿಕೆಗಿಂತ ತನ್ನದನ್ನು ಮುಂದೆ ಹಾಕಿಕೊಳ್ಳುತ್ತದೆ, ಎಣಿಕೆ ಸಮವಾದರೆ ಯಂತ್ರದ ಸಂಖ್ಯೆ ನೋಡಿ ತೀರ್ಮಾನಿಸುತ್ತದೆ. ಸಂಪೂರ್ಣ ಕ್ರಮ ಸಿಗುತ್ತದೆ, ಅದು ನಾವು ಕೊಟ್ಟ ಕ್ರಮ.

‘ಸಂಪೂರ್ಣ’ಕ್ಕೆ ಗಣಿತದಲ್ಲಿ ಇನ್ನೊಂದು ಪರೀಕ್ಷೆಯೂ ಇದೆ, ಎರಡನ್ನೂ ಬೆರೆಸಿದ್ದೀರಿ. ಭಿನ್ನರಾಶಿಗಳನ್ನು ಒಂದೇ ಸಾಲಿನಲ್ಲಿ ಹೋಲಿಸಬಹುದು, ಆದರೂ ಸಾಲಿನಲ್ಲಿ ಬಿರುಕುಗಳಿವೆ: ವರ್ಗ 2ಕ್ಕಿಂತ ಕಡಿಮೆ ಇರುವ ಭಿನ್ನರಾಶಿಗಳಿಗೆಲ್ಲ ಸರಿಯಾದ ಮೇಲಿನ ಗಡಿ ಭಿನ್ನರಾಶಿಗಳೊಳಗೆ ಸಿಗುವುದಿಲ್ಲ. ಆ ಬಿರುಕುಗಳನ್ನು ತುಂಬಿ ವಾಸ್ತವ ಸಂಖ್ಯೆಗಳನ್ನು ಕಟ್ಟುವ ಬಗೆಯನ್ನು ರಿಚರ್ಡ್ ಡೆಡೆಕಿಂಡ್ 1872ರಲ್ಲಿ ಪ್ರಕಟಿಸಿದರು. ಸಂಕೀರ್ಣ ಸಂಖ್ಯೆಗಳಲ್ಲಿ ಕೂಡುವುದಕ್ಕೂ ಗುಣಿಸುವುದಕ್ಕೂ ಹೊಂದುವ ಸಂಪೂರ್ಣ ಕ್ರಮ ಅಸಾಧ್ಯ, ಏಕೆಂದರೆ ಅಂಥ ಕ್ರಮದಲ್ಲಿ ಸೊನ್ನೆಯಲ್ಲದ ಯಾವುದರ ವರ್ಗವೂ ಧನವಾಗಲೇಬೇಕು, ಇಲ್ಲಿ –1 ಕೂಡ i ಎಂಬ ಸಂಖ್ಯೆಯ ವರ್ಗ. ಎರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

ಅರ್ಥಶಾಸ್ತ್ರದ ಪ್ಯಾರಾದಲ್ಲಿ ‘ಬಹುಮತ ಸಮಾಜದ ಆದ್ಯತೆಗಳನ್ನು ಕ್ರಮಕ್ಕೆ ತರುತ್ತದೆ’ ಎಂದಿದೆ. ಗ್ರಾಮಸಭೆಯಲ್ಲಿ ಮೂವರು, ಮೂರು ಕೆಲಸ: ಕೆರೆ ಹೂಳು, ರಸ್ತೆ, ಶಾಲೆ. ಮೊದಲನೆಯವರಿಗೆ ಕೆರೆ, ರಸ್ತೆ, ಶಾಲೆ ಈ ಕ್ರಮ. ಎರಡನೆಯವರಿಗೆ ರಸ್ತೆ, ಶಾಲೆ, ಕೆರೆ. ಮೂರನೆಯವರಿಗೆ ಶಾಲೆ, ಕೆರೆ, ರಸ್ತೆ. ಎರಡೆರಡರ ಮೇಲೆ ಕೈ ಎತ್ತಿಸಿ: ಕೆರೆ ರಸ್ತೆಯನ್ನು 2–1ರಲ್ಲಿ ಸೋಲಿಸುತ್ತದೆ, ರಸ್ತೆ ಶಾಲೆಯನ್ನು, ಶಾಲೆ ಕೆರೆಯನ್ನು. ಒಬ್ಬೊಬ್ಬರ ಮನಸ್ಸಿನಲ್ಲೂ ಸಂಪೂರ್ಣ ಕ್ರಮ ಇತ್ತು, ಸೇರಿಸಿದಾಗ ಚಕ್ರವಾಯಿತು. ಕಾಂಡೋರ್ಸೆ 18ನೇ ಶತಮಾನದಲ್ಲೇ ಇದನ್ನು ಕಂಡಿದ್ದರು, ಕೆನೆತ್ ಆರೋ 1951ರಲ್ಲಿ ಸಾಮಾನ್ಯ ಪ್ರಮೇಯವಾಗಿ ಸಾಧಿಸಿದರು. ಇದನ್ನು ಗಣಿತದ ಭಾಗಕ್ಕೇ ಸೇರಿಸಿ, ಪ್ರತ್ಯೇಕ ಪ್ಯಾರಾ ಬೇಡ.

ಭೌತವಿಜ್ಞಾನದಲ್ಲಿ ನೀವು ಸಕ್ಕರೆ ಹರಳನ್ನು ಹಿಡಿದು ‘ಪರಿಪೂರ್ಣ ಕ್ರಮ’ ಎಂದಿದ್ದೀರಿ. ಮಂಡ್ಯಕ್ಕೆ ಒಪ್ಪುವ ಉದಾಹರಣೆಯೇ, ವಾಕ್ಯ ಮಾತ್ರ ನಿಲ್ಲುವುದಿಲ್ಲ. ಸೊನ್ನೆ ಕೆಲ್ವಿನ್‌ಗಿಂತ ಮೇಲಿರುವ ಯಾವ ಹರಳಿನಲ್ಲೂ ಖಾಲಿ ಜಾಗಗಳು ಇದ್ದೇ ಇರುತ್ತವೆ. ಒಂದು ಪರಮಾಣುವನ್ನು ಕಿತ್ತರೆ ಶಕ್ತಿ ಖರ್ಚಾಗುತ್ತದೆ, ಆದರೆ ಆ ಖಾಲಿ ಜಾಗ ಎಲ್ಲಿ ಬೇಕಾದರೂ ಇರಬಹುದಾದ್ದರಿಂದ ಎಂಟ್ರೊಪಿ, ಅಂದರೆ ಸಾಧ್ಯವಿರುವ ಜೋಡಣೆಗಳ ಅಳತೆ, ಏರುತ್ತದೆ. ಎರಡರ ತೂಕ ಸರಿಯಾಗುವಷ್ಟು ಖಾಲಿ ಉಳಿಯುತ್ತದೆ. ತಾಮ್ರದಂಥ ಲೋಹದಲ್ಲಿ ಕರಗುವ ಬಿಂದುವಿನ ಹತ್ತಿರ ಇದು ಸುಮಾರು ಹತ್ತು ಸಾವಿರಕ್ಕೆ ಒಂದು. ಸಕ್ಕರೆಯಲ್ಲಿ ಇನ್ನೊಂದು ಕಾಟವಿದೆ: ಹರಳು ಅವಸರದಲ್ಲಿ ಬೆಳೆದರೆ ಸುತ್ತಲಿನ ಪಾಕವನ್ನೇ ಒಳಗೆ ಸೆರೆಹಿಡಿಯುತ್ತದೆ, ಹೊರಗೆ ಎಷ್ಟು ತೊಳೆದರೂ ಆ ಬಣ್ಣ ಹೋಗದು. ಇನ್ನು ‘ಕ್ರಮವೆಂದರೆ ಪುನರಾವರ್ತನೆ’ ಎಂಬ ನಿಮ್ಮ ಮಾತು 1982ರಲ್ಲೇ ಬಿತ್ತು. ಡಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ, ಎಲ್ಲೂ ಮರುಕಳಿಸದ ಆದರೂ ಚೂಪಾದ ವಿವರ್ತನ ಚುಕ್ಕೆಗಳನ್ನು (ಕಿರಣ ಹಾಯಿಸಿದಾಗ ಮೂಡುವ ಚುಕ್ಕೆಗಳನ್ನು) ಕೊಡುವ ರಚನೆ ಕಂಡರು. 2011ರಲ್ಲಿ ಅದಕ್ಕೆ ನೊಬೆಲ್ ಬಂತು.

ಇಷ್ಟೆಲ್ಲ ಹೇಳಿ, ಮೈಸೂರಿನಲ್ಲೇ ನಡೆದ ಕೆಲಸವನ್ನು ಬಿಟ್ಟಿದ್ದೀರಲ್ಲ! ಶಿವರಾಮಕೃಷ್ಣ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು, ದ್ರವದಂತೆ ಹರಿದರೂ ಅಣುಗಳಲ್ಲಿ ಒಂದಷ್ಟು ಕ್ರಮ ಉಳಿದಿರುವ ದ್ರವಸ್ಫಟಿಕಗಳ ಕೆಲಸಕ್ಕೆ ಕೈಹಾಕಿದ್ದು ಇಲ್ಲೇ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂಬುದನ್ನು 1977ರಲ್ಲಿ ಅವರ ತಂಡ ಅಲ್ಲಿ ತೋರಿಸಿತು. (ನೊಬೆಲ್ ಪಡೆದ ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ. ಈ ಗೊಂದಲ ಅಚ್ಚಾಗಿ ಬಂದರೆ ಪತ್ರಗಳ ಮಳೆ ಗ್ಯಾರಂಟಿ.) ದ್ರವಸ್ಫಟಿಕದಲ್ಲಿ ಕ್ರಮಕ್ಕೆ ಅಂಕಿಯೇ ಇದೆ. ನೆಮ್ಯಾಟಿಕ್ ಎಂಬ ಬಗೆಯಲ್ಲಿ ಕಡ್ಡಿಯಾಕಾರದ ಅಣುಗಳ ಜಾಗಕ್ಕೆ ಯಾವ ಕಟ್ಟುಪಾಡೂ ಇಲ್ಲ, ದ್ರವದಂತೆ ಓಡಾಡುತ್ತವೆ, ಆದರೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಅಣು ಆ ದಿಕ್ಕಿನಿಂದ ಎಷ್ಟು ವಾಲಿದೆಯೋ ಆ ಕೋನದ ಕೊಸೈನನ್ನು ವರ್ಗ ಮಾಡಿ, ಮೂರರಿಂದ ಗುಣಿಸಿ, ಒಂದು ಕಳೆದು, ಎರಡರಿಂದ ಭಾಗಿಸಿ, ಎಲ್ಲ ಅಣುಗಳ ಸರಾಸರಿ ತೆಗೆಯಿರಿ. ಒಂದೂ ವಾಲದಿದ್ದರೆ 1. ಎಲ್ಲವೂ 30 ಡಿಗ್ರಿ ವಾಲಿದ್ದರೆ 0.625. ದಿಕ್ಕುಗೆಟ್ಟು ಹರಡಿದ್ದರೆ 0. ಬಿಸಿ ಮಾಡುತ್ತ ಹೋದರೆ ಈ ಸಂಖ್ಯೆ ಇಳಿಯುತ್ತದೆ, ಒಂದು ಉಷ್ಣತೆಯಲ್ಲಿ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಅಂದರೆ ಒಂದೇ ವಸ್ತುವಿನಲ್ಲಿ ದಿಕ್ಕಿನ ಕ್ರಮ ಇದ್ದು ಜಾಗದ ಕ್ರಮ ಇಲ್ಲದಿರಬಹುದು. ನಿಮ್ಮ ಇಡೀ ಲೇಖನಕ್ಕೆ ಬೇಕಾಗಿದ್ದ ಉದಾಹರಣೆ ಮಾನಸಗಂಗೋತ್ರಿಯಲ್ಲೇ ಇತ್ತು.

ಜೀವವಿಜ್ಞಾನದ ಪ್ಯಾರಾ ತೆಗೆದುಬಿಡಿ. ಜೀವಿಗಳು ಉಷ್ಣಬಲ ವಿಜ್ಞಾನದ ಎರಡನೇ ನಿಯಮವನ್ನು ಮೀರುತ್ತವೆ ಎಂದಿದ್ದೀರಿ. ಮೀರುವುದಿಲ್ಲ, ಎಂಟ್ರೊಪಿ ಇಳಿಯದು ಎಂಬ ಆ ನಿಯಮ ಹೊರಗಿನೊಡನೆ ಕೊಡುಕೊಳ್ಳುವಿಕೆ ಇಲ್ಲದ ವ್ಯವಸ್ಥೆಗೆ. ‘ಗಡಿಯಾರದಂತೆ ಬಡಿಯುವ ಹೃದಯವೇ ಆರೋಗ್ಯವಂತ’ ಎಂಬುದೂ ತಪ್ಪು, ಆರೋಗ್ಯವಂತರ ಬಡಿತಗಳ ನಡುವಿನ ಅಂತರ ಉಸಿರಾಟದ ಜೊತೆ ಸ್ವಲ್ಪ ಸ್ವಲ್ಪ ಬದಲಾಗುತ್ತಿರುತ್ತದೆ. ಸಂಗೀತ, ಅಧ್ಯಾತ್ಮ ಎರಡೂ ಹೋಗಲಿ.

ನಿಘಂಟಿನದು ಬೇಕಾದರೆ ಒಂದು ಬಾಕ್ಸ್ ಮಾಡಿ, ಆದರೆ ‘ಅಕಾರಾದಿ ಸಹಜ ಕ್ರಮ, ಕಂಪ್ಯೂಟರ್ ಕ್ಷಣದಲ್ಲಿ ಜೋಡಿಸುತ್ತದೆ’ ಎನ್ನಬೇಡಿ. ಯೂನಿಕೋಡ್‌ನಲ್ಲಿ ಳ ಅಕ್ಷರದ ಸಂಕೇತ ಲ ಆದ ಕೂಡಲೇ ಬರುತ್ತದೆ, ವ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದ ಮೇಲೆ. ಬರೀ ಸಂಕೇತದ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಂ ಹಳ್ಳಿ, ಹವಳ, ಹಸಿರು ಎಂದು ಇಡುತ್ತದೆ, ನಿಘಂಟಿನಲ್ಲಿ ಹವಳ, ಹಸಿರು, ಹಳ್ಳಿ ಎಂದಿರುತ್ತದೆ. ಜೋಡಿಸುವ ಶ್ರಮಕ್ಕೂ ಕೆಳಮಿತಿ ಇದೆ. ಹತ್ತು ಪದಗಳನ್ನು 36,28,800 ಬಗೆಯಲ್ಲಿ ಇಡಬಹುದು, ಒಂದು ಹೋಲಿಕೆಯಿಂದ ಸಾಧ್ಯತೆ ಹೆಚ್ಚೆಂದರೆ ಅರ್ಧಕ್ಕಿಳಿಯುವ ಖಾತ್ರಿ ಸಿಗುತ್ತದೆ. ಆದ್ದರಿಂದ 22ಕ್ಕಿಂತ ಕಡಿಮೆ ಹೋಲಿಕೆಯಲ್ಲಿ ಯಾವಾಗಲೂ ಮುಗಿಸುವ ವಿಧಾನ ಇಲ್ಲ.

ಲೇಖನದ ಕೊನೆಗೆ ಏನಿಡಬೇಕು ಎಂದು ನೀವು ಕೇಳಿಲ್ಲ, ಆದರೂ ಒಂದು ಸಲಹೆ. ಸಂಪೂರ್ಣ ಕ್ರಮ ಸಿಗುವುದು ಕಷ್ಟ ಎಂದು ಇಷ್ಟು ಹೊತ್ತು ತೋರಿಸಿದ ಮೇಲೆ, ಸಂಪೂರ್ಣ ಅಕ್ರಮವೂ ಸಿಗುವುದಿಲ್ಲ ಎಂಬುದನ್ನು ತೋರಿಸಿ. ಯಾವ ಆರು ಜನರನ್ನು ಕರೆದರೂ ಅವರಲ್ಲಿ ಪರಸ್ಪರ ಪರಿಚಿತರಾದ ಮೂವರು ಅಥವಾ ಪರಸ್ಪರ ಅಪರಿಚಿತರಾದ ಮೂವರು ಇದ್ದೇ ಇರುತ್ತಾರೆ. ಒಬ್ಬರನ್ನು ಆರಿಸಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವರಿಗೆ ಪರಿಚಿತರು, ಇಲ್ಲವೇ ಕನಿಷ್ಠ ಮೂವರು ಅಪರಿಚಿತರು. ಪರಿಚಿತರು ಮೂವರಿದ್ದಾರೆ ಎನ್ನಿ. ಅವರಲ್ಲಿ ಯಾರಾದರೂ ಇಬ್ಬರಿಗೆ ಪರಿಚಯವಿದ್ದರೆ ಮೊದಲನೆಯವರ ಜೊತೆ ಸೇರಿ ಮೂವರಾದರು. ಯಾರಿಗೂ ಇಲ್ಲದಿದ್ದರೆ ಆ ಮೂವರೇ ಪರಸ್ಪರ ಅಪರಿಚಿತರು. ಐದು ಜನ ಸಾಲದು. ಫ್ರ್ಯಾಂಕ್ ರ‍್ಯಾಮ್ಸೆಯ 1930ರ ಪ್ರಬಂಧದಿಂದ ಬೆಳೆದ ಗಣಿತ ಇದು. ಮೂವರ ಬದಲು ನಾಲ್ವರು ಬೇಕೆಂದರೆ 18 ಜನ ಬೇಕು. ಐವರು ಬೇಕೆಂದರೆ ಎಷ್ಟು ಜನ ಎಂಬುದು ಇನ್ನೂ ಬಗೆಹರಿದಿಲ್ಲ, 43ಕ್ಕಿಂತ ಕಡಿಮೆಯಲ್ಲ, 46ಕ್ಕಿಂತ ಹೆಚ್ಚಲ್ಲ ಎಂಬಲ್ಲಿಗೆ ನಿಂತಿದೆ.

ಗದ್ದೆ, ಭಾಜಕ, ದ್ರವಸ್ಫಟಿಕ ಈ ಮೂರನ್ನು ಇಟ್ಟುಕೊಂಡು 1,800 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಶೀರ್ಷಿಕೆಯಿಂದ ‘ಎಲ್ಲೆಲ್ಲೂ’ ತೆಗೆಯಿರಿ. 16 ತಾಕಿನ ನಕ್ಷೆಯನ್ನು ನೀವೇ ಚೀಟಿ ಎತ್ತಿ ಬರೆದು, ತೂಬು ಯಾವ ಕಡೆ ಎಂಬ ಬಾಣದ ಗುರುತು ಹಾಕಿ. ಸಕ್ಕರೆ ಹರಳು ಎಂದು ನೀವು ಕಳಿಸಿರುವ ಎರಡನೇ ಚಿತ್ರದಲ್ಲಿರುವುದು ಘನಾಕೃತಿ. ಅದು ಅಡುಗೆ ಉಪ್ಪಿನದು, ಸಕ್ಕರೆಯ ಹರಳು ಓರೆಯಾಗಿರುತ್ತದೆ. ಬದಲಿಸಿ ಕಳಿಸಿ.