ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಪ್ರಶ್ನೆ: ನನಗೆ 36 ವರ್ಷ. ಎರಡೂವರೆ ವರ್ಷದಿಂದ ಮೈಕೈ ನೋವು, ಪಾದಗಳಲ್ಲಿ ಜುಮ್ಮು, ಎದ್ದು ನಿಂತರೆ ಎದೆ ಢವಢವ, ತಲೆ ಹಗುರಾದಂತೆ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದರೂ ಬೆಳಿಗ್ಗೆ ಮಲಗೇ ಇಲ್ಲವೇನೋ ಅನ್ನುವಷ್ಟು ಸುಸ್ತು. ಒಂದು ದಿನ ಹುಷಾರೆನಿಸಿ ಮನೆಯೆಲ್ಲ ಗುಡಿಸಿ ಒರೆಸಿದರೆ ಮುಂದಿನ ಮೂರು ದಿನ ಹಾಸಿಗೆಯೇ ಗತಿ. ರಕ್ತ ಪರೀಕ್ಷೆ, ಥೈರಾಯ್ಡ್, ಇಸಿಜಿ, ಮೆದುಳಿನ ಎಂಆರ್‌ಐ ಎಲ್ಲ ಆಯಿತು. ಎಲ್ಲವೂ ನಾರ್ಮಲ್. ಕಳೆದ ಸಲ ಡಾಕ್ಟರು 'ನಿಮಗೇನೂ ಇಲ್ಲಮ್ಮ, ಸುಮ್ಮನೆ ತಲೆಗೆ ಹಚ್ಚಿಕೊಂಡಿದ್ದೀರಿ' ಅಂದರು. ಮನೆಯಲ್ಲೂ ಈಗ ಯಾರೂ ನಂಬುವುದಿಲ್ಲ. ನಿಜ ಹೇಳಲೇ? ಯಾವುದಾದರೂ ರಿಪೋರ್ಟಿನಲ್ಲಿ ಏನಾದರೂ ಸಿಕ್ಕಿಬಿಡಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತೇನೆ. ನನಗೆ ಹುಚ್ಚು ಹಿಡಿದಿದೆಯೇ ಡಾಕ್ಟರೇ?
(ಹೆಸರು ಬೇಡ)

ಉತ್ತರ: ಇಲ್ಲಮ್ಮ, ಹುಚ್ಚು ಹಿಡಿದಿಲ್ಲ. ಏನಾದರೂ ಸಿಕ್ಕಿಬಿಡಲಿ ಅನ್ನುವ ಮಾತನ್ನು ನನ್ನೆದುರು ಕೂತು ತಲೆ ತಗ್ಗಿಸಿ ಹೇಳಿದವರು ಬಹಳ ಮಂದಿ. ಅವರಲ್ಲಿ ಒಬ್ಬರಿಗೂ ಕಾಯಿಲೆ ಬೇಕಾಗಿರಲಿಲ್ಲ. ತಮ್ಮ ಕಷ್ಟಕ್ಕೊಂದು ಹೆಸರು ಬೇಕಾಗಿತ್ತು, ಅಷ್ಟೇ. ಅದಕ್ಕಾಗಿ ನೀವು ನಾಚಿಕೊಳ್ಳಬೇಕಾಗಿಲ್ಲ.

ನಾರ್ಮಲ್ ಅನ್ನುವ ಪದವನ್ನು ನಾವು ಡಾಕ್ಟರುಗಳೇ ಕೆಡಿಸಿದ್ದೇವೆ. ಪ್ರತಿ ಪರೀಕ್ಷೆಯೂ ಒಂದೊಂದೇ ಪ್ರಶ್ನೆ ಕೇಳುತ್ತದೆ. ಮೆದುಳಿನ ಎಂಆರ್‌ಐ ಕೇಳುವುದು ಗಡ್ಡೆ, ಊತ, ಕಲೆ ಇದೆಯೇ ಅಂತ. ಮೈಗ್ರೇನ್ ಇರುವವರ ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ಹಾಗಂತ ಮೈಗ್ರೇನ್ ಸುಳ್ಳು ಅನ್ನುತ್ತೇವೆಯೇ? ನಿಮ್ಮ ಪಾದದ ಜುಮ್ಮಿಗೆ ನರ ಪರೀಕ್ಷೆ ಮಾಡಿಸಿದರೆ ಅದು ದಪ್ಪ ನರಗಳನ್ನು ಮಾತ್ರ ನೋಡುತ್ತದೆ. ನೋವು, ಬಿಸಿ, ಉರಿ ಹೊತ್ತು ತರುವ ಸಣ್ಣ ಎಳೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅವನ್ನು ನೋಡಲು 3 ಮಿಲಿಮೀಟರಿನಷ್ಟು ಚರ್ಮ ತೆಗೆದು ಪರೀಕ್ಷಿಸುವ ಬೇರೆಯದೇ ವಿಧಾನವಿದೆ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ತಳ ಕಂಡಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಅನ್ನುವ ರಕ್ತ ಪರೀಕ್ಷೆ. ನಿಮ್ಮ ಪಟ್ಟಿಯಲ್ಲಿ ಅದು ನನಗೆ ಕಾಣಲಿಲ್ಲ, ಕೇಳಿ ನೋಡಿ.

ಎದ್ದು ನಿಂತರೆ ಎದೆ ಢವಢವ ಅಂದಿರಲ್ಲ, ಅದಕ್ಕೊಂದು ಘಟನೆ ಹೇಳುತ್ತೇನೆ. ನಿಮ್ಮ ವಯಸ್ಸಿಗಿಂತ ಚಿಕ್ಕ ಹುಡುಗಿ, ಇದೇ ದೂರು. ನಾಲ್ಕು ಇಸಿಜಿ ಆಗಿದ್ದವು, ನಾಲ್ಕೂ ಸರಿ. ಮೂರು ತಿಂಗಳ ಹಿಂದೆ ಅವಳಿಗೆ 'ಯೋಚನೆ ಕಡಿಮೆ ಮಾಡಮ್ಮ' ಅಂತ ಹೇಳಿ ಕಳಿಸಿದ್ದವಳು ನಾನೇ. ಎರಡನೇ ಸಲ ಬಂದಾಗ ನನಗೇ ಏನೋ ಅನುಮಾನ. ಹತ್ತು ನಿಮಿಷ ಮಲಗಿಸಿ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ: ನಿಮಿಷಕ್ಕೆ 74. ನಿಲ್ಲಿಸಿದೆ. ಗೋಡೆಗೆ ಒರಗಬೇಡ, ಕಾಲು ಆಡಿಸಬೇಡ ಅಂದೆ. ಎರಡನೇ ನಿಮಿಷಕ್ಕೆ 102. ಐದನೇ ನಿಮಿಷಕ್ಕೆ ಅವಳ ಬೆರಳ ತುದಿಗಳು ನೀಲಿಗಟ್ಟಿದವು, ಮೇಲ್ದುಟಿಯ ಮೇಲೆ ಬೆವರು. ಎಂಟಕ್ಕೆ 116. ರಕ್ತದೊತ್ತಡ ಮಾತ್ರ ಇಳಿದಿರಲಿಲ್ಲ. ಸಾಕು ಅಂತ ಕೂರಿಸಿದೆ. ನಾಲ್ಕು ಇಸಿಜಿಗಳನ್ನೂ ಮಲಗಿಸಿಯೇ ತೆಗೆದಿದ್ದರು! ನಿಂತಾಗ ಬರುವ ಕಾಯಿಲೆಯನ್ನು ನಾವೆಲ್ಲ ಮಲಗಿಸಿ ಹುಡುಕಿದ್ದೆವು. ದೊಡ್ಡವರಲ್ಲಿ ನಿಂತ ಹತ್ತು ನಿಮಿಷದೊಳಗೆ ನಾಡಿ ಮಿಡಿತ ಮಲಗಿದ್ದಾಗಿಗಿಂತ ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಏರಿ, ರಕ್ತದೊತ್ತಡ ಬೀಳದೆ, ತಿಂಗಳುಗಟ್ಟಲೆ ಇಂಥ ತೊಂದರೆ ಇದ್ದು, ಬೇರೆ ಕಾರಣ ಇಲ್ಲದಿದ್ದರೆ ಅದಕ್ಕೆ ಪಾಟ್ಸ್ ಅನ್ನುತ್ತಾರೆ. ಅವಳು ಕೇಳಿದ್ದು ಒಂದೇ: 'ಹಾಗಾದ್ರೆ ನಾನು ಹೇಳ್ತಿದ್ದದ್ದು ನಿಜಾನಾ ಮೇಡಂ?' ಆ ಪ್ರಶ್ನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಿಮಗೂ ಅದೇ ಇದೆ ಅಂತ ನಾನು ಪತ್ರ ಓದಿ ಹೇಳಲಾರೆ. ಈ ಪರೀಕ್ಷೆ ಮಾಡಿ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಗಡಿಯಾರ ಮತ್ತು ಬಿಪಿ ನೋಡುವ ಯಂತ್ರ ಸಾಕು. ಮನೆಯಲ್ಲಿ ಒಬ್ಬರೇ ಇದ್ದಾಗ ಮಾತ್ರ ಮಾಡಬೇಡಿ, ತಲೆ ಸುತ್ತಿ ಬೀಳಬಹುದು.

ಇಷ್ಟೆಲ್ಲ ನೋಡಿಯೂ ಏನೂ ಸಿಗದೇ ಹೋಗಬಹುದು. ಆಗಲೂ ನಿಮ್ಮ ನೋವು ನೋವೇ. ಕತ್ತರಿಸಿ ತೆಗೆದ ಕಾಲಿನ ಹೆಬ್ಬೆರಳು ಉರಿಯುತ್ತಿದೆ ಅನ್ನುವವರಿದ್ದಾರೆ. ಅಲ್ಲಿ ಹೆಬ್ಬೆರಳೇ ಇಲ್ಲ, ನೋವು ಇದೆ. ನೋವು ಹುಟ್ಟಲು ಗಾಯ ಇರಲೇಬೇಕೆಂದಿಲ್ಲ. ನೋವನ್ನು ಸಾಗಿಸುವ ನರಮಂಡಲವೇ ಅತಿಸೂಕ್ಷ್ಮವಾಗಿಬಿಟ್ಟರೆ ಸಾಮಾನ್ಯ ಸ್ಪರ್ಶವೂ, ಹೊಟ್ಟೆಯ ಮಾಮೂಲಿ ಚಲನೆಯೂ ನೋವಾಗಿ ತಲುಪುತ್ತದೆ. ಮೈಯೆಲ್ಲ ದೀರ್ಘಕಾಲ ನೋಯುವ ಫೈಬ್ರೊಮಯಾಲ್ಜಿಯದಲ್ಲಿ, ಹೊಟ್ಟೆನೋವಿನ ಜೊತೆ ಮಲವಿಸರ್ಜನೆ ಏರುಪೇರಾಗುವ ಐಬಿಎಸ್‌ನಲ್ಲಿ ಇಂಥದ್ದೇ ನಡೆಯುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ, ಅಂದರೆ ಐಸಿಡಿ-11, ಮೂರು ತಿಂಗಳು ಮೀರಿದ ಇಂಥ ನೋವನ್ನು ಬೇರೊಂದು ರೋಗದ ಲಕ್ಷಣ ಅನ್ನದೆ ಅದನ್ನೇ ಒಂದು ಕಾಯಿಲೆಯೆಂದು ಎಣಿಸುತ್ತದೆ. ಆದ್ದರಿಂದ 'ಏನೂ ಇಲ್ಲ' ಅನ್ನುವುದು ವೈದ್ಯಕೀಯವಾಗಿಯೂ ತಪ್ಪು ಮಾತು.

ಈಗ ನಿಮ್ಮ ಪತ್ರದ ಅತಿ ಮುಖ್ಯ ಸಾಲಿಗೆ ಬರುತ್ತೇನೆ. ನೀವದನ್ನು ನಡುವೆ ಎಲ್ಲೋ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ: ಒಂದು ದಿನ ಗುಡಿಸಿ ಒರೆಸಿದರೆ ಮೂರು ದಿನ ಹಾಸಿಗೆ. ಡಾಕ್ಟರಿಗೆ ಮೊದಲು ಹೇಳಬೇಕಾದದ್ದೇ ಇದು. ಯಾಕೆಂದರೆ ಬರೀ ಮೈಕೈ ನೋವಿನ ಫೈಬ್ರೊಮಯಾಲ್ಜಿಯ ಆದರೆ ನಿಧಾನವಾಗಿ ಹೆಚ್ಚಿಸುತ್ತ ಹೋಗುವ ವ್ಯಾಯಾಮ ಒಳ್ಳೆಯದು ಮಾಡುತ್ತದೆ. ಆದರೆ ಸ್ವಲ್ಪ ಶ್ರಮಕ್ಕೇ ದಿನಗಟ್ಟಲೆ ಕುಸಿಯುವ ದೀರ್ಘ ಆಯಾಸದ ಕಾಯಿಲೆ ಇದ್ದರೆ ಅದೇ ವ್ಯಾಯಾಮ ಹಾನಿ ಮಾಡಬಹುದು. ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ತನ್ನ ಹಳೆಯ ಸಲಹೆಯನ್ನೇ ಬದಲಿಸಿ, ಆ ರೋಗಿಗಳಿಗೆ ಪಟ್ಟಿ ಹಾಕಿ ಏರಿಸುತ್ತ ಹೋಗುವ ವ್ಯಾಯಾಮ ಕೊಡಬೇಡಿ ಅಂದಿತು. ಯಾವುದೆಂದು ಗೊತ್ತಾಗುವವರೆಗೆ ನೀವು ಒಂದು ಕೆಲಸ ಮಾಡಿ. ಹುಷಾರೆನಿಸಿದ ದಿನ ಒಂದೇ ಕೋಣೆ ಗುಡಿಸಿ, ನಿಲ್ಲಿಸಿ. ಇನ್ನೂ ಮಾಡಬಹುದಿತ್ತು ಅನಿಸುವಾಗಲೇ ಕೂತುಬಿಡಿ. ಇದು ಸೋಮಾರಿತನ ಅಲ್ಲ. ಕೈಯಲ್ಲಿರುವ ಶಕ್ತಿಯನ್ನು ಮೂರು ದಿನಕ್ಕೂ ಹಂಚಿಕೊಳ್ಳುವುದು ಇದು. ಎರಡು ವಾರ ದಿನವೂ ಒಂದೊಂದು ಸಾಲು ಬರೆದಿಡಿ, ಏನು ಮಾಡಿದೆ, ಮಾರನೆಯ ದಿನ ಹೇಗಿತ್ತು ಅಂತ. ಅದಕ್ಕಿಂತ ಹೆಚ್ಚು ದಿನ ಬರೆಯಬೇಡಿ. ದಿನವಿಡೀ ಮೈಯನ್ನೇ ಕಾಯುತ್ತ ಕೂರುವುದೂ ಒಂದು ಆಯಾಸವೇ.

ಮುಂದಿನ ಸಲ ಹೋಗುವಾಗ ದಪ್ಪ ಫೈಲನ್ನು ಮೇಜಿನ ಮೇಲಿಡಬೇಡಿ, ಚೀಲದಲ್ಲೇ ಇರಲಿ. ಫೈಲ್ ಕಂಡ ತಕ್ಷಣ ನಾವು ರಿಪೋರ್ಟ್ ಓದಲು ಶುರು ಮಾಡುತ್ತೇವೆ, ನಿಮ್ಮನ್ನು ಕೇಳುವುದು ಅಲ್ಲಿಗೇ ನಿಲ್ಲುತ್ತದೆ. ಒಂದೇ ಹಾಳೆ ಕೊಡಿ. ಅದರಲ್ಲಿ ಅತಿ ಹೆಚ್ಚು ಕಾಡುವ ಮೂರು ತೊಂದರೆ, ಎಂದಿನಿಂದ, ಅವುಗಳಿಂದ ಏನೇನು ಬಿಟ್ಟಿದ್ದೀರಿ, ಇಷ್ಟಿದ್ದರೆ ಸಾಕು. ಆಮೇಲೆ ಕೇಳಿ: ಯಾವ ಕಾಯಿಲೆ ಇಲ್ಲ ಅಂತ ಖಚಿತವಾಗಿದೆ? ಯಾವುದನ್ನು ಇನ್ನೂ ನೋಡಿಲ್ಲ? ಕಾರಣ ಸಿಗುವವರೆಗೆ ಕಾಯದೆ ಯಾವುದಕ್ಕೆ ಈಗಲೇ ಚಿಕಿತ್ಸೆ ಶುರು ಮಾಡಬಹುದು? ಈ ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಹೆಚ್ಚಾದಾಗ ಓಡುವುದಕ್ಕಿಂತ, ಆರು ವಾರಕ್ಕೊಮ್ಮೆ ಅಂತ ಇಟ್ಟುಕೊಂಡು ಅವರನ್ನೇ ಕಾಣುತ್ತಿರಿ.

ಅವರು ಮನೋವೈದ್ಯರು ಕೊಡುವ ಮಾತ್ರೆ ಬರೆದರೆ ತಕ್ಷಣ ಮುನಿಸಿಕೊಳ್ಳಬೇಡಿ. ಅಮಿಟ್ರಿಪ್ಟಿಲಿನ್‌ನಂಥ ಔಷಧವನ್ನು ತೀರ ಸಣ್ಣ ಪ್ರಮಾಣದಲ್ಲಿ ನರದ ನೋವಿಗೂ ಐಬಿಎಸ್‌ಗೂ ಕೊಡುತ್ತೇವೆ. ಯಾಕೆ ಕೊಡುತ್ತಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ. ಎರಡೂವರೆ ವರ್ಷ ನೋವಿನ ಜೊತೆಗೆ ಅಪನಂಬಿಕೆಯನ್ನೂ ಹೊತ್ತವರ ಮನಸ್ಸು ಸೋತಿದ್ದರೆ ಅದಕ್ಕೂ ಆರೈಕೆ ಬೇಕು. ಅದನ್ನು ಒಪ್ಪಿಕೊಂಡರೆ ನೋವು ಸುಳ್ಳಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಮನೆಯವರಿಗೂ ತೋರಿಸಿ. ಕಾರಣವಿಲ್ಲದೆ ತೂಕ ಇಳಿದರೆ, ಬಿಡದ ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕೈಕಾಲಿನ ಬಲ ಕುಂದಿದರೆ, ಗಂಟು ಸಿಕ್ಕರೆ ಹಳೆಯ ನಾರ್ಮಲ್ ರಿಪೋರ್ಟುಗಳನ್ನು ನಂಬಿ ಕೂರಬೇಡಿ. ಹೊಸದಾಗಿ ತೋರಿಸಿ.

ಪ್ರಶ್ನೆ: ನನ್ನ ಸುಸ್ತಿಗೆ ಕಾರಣ ಗೊತ್ತಾಗಲಿಲ್ಲ. ಮೂರು ಸಲ ಪೂರ್ತಿ ದೇಹದ ತಪಾಸಣೆ ಮಾಡಿಸಿದ್ದೇನೆ. ಪ್ರತಿ ಸಲವೂ ಬೇರೆ ಬೇರೆ ಒಂದೆರಡು ಅಂಕಿ ದಪ್ಪಕ್ಷರದಲ್ಲಿ ಬಂದು ಹೆದರಿಸುತ್ತವೆ. ನಾಲ್ಕನೇ ಸಲ ಮಾಡಿಸಲೇ?

ಉತ್ತರ: ಬೇಡ. ಬಹುಪಾಲು ರಕ್ತ ಪರೀಕ್ಷೆಗಳ ಮಿತಿಯನ್ನು ಗೊತ್ತುಮಾಡುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ. ಉಳಿದ ಐವರು ಆರೋಗ್ಯವಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಪೂರ್ತಿ ಆರೋಗ್ಯವಂತರಿಗೂ ಕನಿಷ್ಠ ಒಂದು ಅಂಕಿ ತಪ್ಪಿ ಬರುವ ಸಾಧ್ಯತೆ ಸುಮಾರು 64 ಶೇಕಡ. ನಿಮ್ಮನ್ನು ಕೂರಿಸಿ, ಮುಟ್ಟಿ ನೋಡಿ, ನಿದ್ದೆ ಹೇಗಿದೆ, ಗೊರಕೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ ಅಂತ ಯಾರಾದರೂ ಕೇಳಿದ್ದಾರೆಯೇ? ಮೊದಲು ಅದು ಆಗಲಿ. ಆಮೇಲೆ ಬೇಕಾದ ಒಂದೆರಡು ಪರೀಕ್ಷೆ ಮಾತ್ರ ಮಾಡಿಸಿ.

ಪ್ರಶ್ನೆ: ನನ್ನ ಹೆಂಡತಿಗೆ ನಾಲ್ಕು ವರ್ಷದಿಂದ ಹೊಟ್ಟೆನೋವು. ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ಸರಿ ಇದೆ. ಹೋದ ವಾರ ಬೇಸತ್ತು 'ಎಲ್ಲ ಸರಿ ಇದೆಯಲ್ಲ, ಇನ್ನೇನು ನಿಂದು' ಅಂದುಬಿಟ್ಟೆ. ಅಂದಿನಿಂದ ನೋವಿನ ಸುದ್ದಿಯನ್ನೇ ಎತ್ತುವುದಿಲ್ಲ. ಕಡಿಮೆ ಆಗಿದೆಯೋ, ನನಗೆ ಹೇಳುತ್ತಿಲ್ಲವೋ ಗೊತ್ತಾಗುತ್ತಿಲ್ಲ.

ಉತ್ತರ: ಹೇಳುತ್ತಿಲ್ಲ ಅಂತಲೇ ನನಗನಿಸುತ್ತದೆ. ಹೊಟ್ಟೆಯ ಹುಣ್ಣು ಬರುವುದು ಚಿಂತೆಯಿಂದ, ಸಿಡುಕಿನಿಂದ ಅಂತ ಡಾಕ್ಟರುಗಳೇ ಬಹುಕಾಲ ರೋಗಿಗಳಿಗೆ ಹೇಳುತ್ತಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದರ ಹಿಂದೆ ಒಂದು ಬ್ಯಾಕ್ಟೀರಿಯ ಇದೆಯೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಅಲ್ಲಿಯವರೆಗೆ ಬೈಸಿಕೊಂಡ ರೋಗಿಗಳಿಗೆ ಕ್ಷಮೆ ಕೇಳಿದವರು ಯಾರು? ನೀವಾದರೂ ಕೇಳಿ. ನಂಬದೆ ತಪ್ಪು ಮಾಡಿದೆ ಅಂತ ಬಾಯಿಬಿಟ್ಟು ಹೇಳಿ, ಉಪಾಯ ಸೂಚಿಸಲು ಹೋಗಬೇಡಿ.

ಮುಂದಿನ ಸಲ ಡಾಕ್ಟರ ಹತ್ತಿರ ನೀವೂ ಹೋಗಿ. ಆಕೆಯ ಪರವಾಗಿ ಮಾತಾಡುವುದು ಬೇಡ, ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಿ. ಮುಖ್ಯವಾಗಿ, ಆಕೆ ಗಾಢ ನಿದ್ದೆಯಲ್ಲಿದ್ದಾಗ ನೋವೇ ಎಬ್ಬಿಸುತ್ತದೆಯೇ, ಅಥವಾ ಎಚ್ಚರವಾದ ಮೇಲೆ ನೋವು ಶುರುವಾಗುತ್ತದೆಯೇ? ಮೊದಲನೆಯದಾದರೆ ನಾವು ಇನ್ನೊಮ್ಮೆ ಹುಡುಕಬೇಕಾಗುತ್ತದೆ. ಅದನ್ನು ನೋಡಿರಬಹುದಾದವರು ಪಕ್ಕದಲ್ಲಿ ಮಲಗುವ ನೀವೊಬ್ಬರೇ.