ಗೇಟು ತೆರೆಯುವವರು ಯಾರು?

ನಮಸ್ಕಾರ ತಂಗಿ. 'ಸಿಎಸ್‌ಆರ್‌ಎ ಪ್ರೋಟೀನು ಎಂಆರ್‌ಎನ್‌ಎ ಮೇಲೆ ಕೂತರೆ ರೋಗದ ಜೀನ್ ಬಂದ್. ಮತ್ತೆ ಸಾಲ್ಮೊನೆಲ್ಲಾ ಅದನ್ನು ಎಬ್ಬಿಸುವುದು ಹೇಗೆ?' ಅಂತ ಕೇಳಿದ್ದೀರಿ. ಸಾಲ್ಮೊನೆಲ್ಲಾ ಅಂದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ; ಎಂಆರ್‌ಎನ್‌ಎ ಅಂದರೆ ಪ್ರೋಟೀನು ಮಾಡಲು ಜೀನ್‌ನಿಂದ ತೆಗೆದ ನಕಲು.

ರಾಯಚೂರಿನವರಿಗೆ ಕಾಲುವೆ ಗೊತ್ತಲ್ವಾ? ತುಂಗಭದ್ರೆಯಿಂದ ನೀರು ಬಿಟ್ಟರೂ ಹೊಲದ ತೂಬು ಮುಚ್ಚಿದ್ದರೆ ಪೈರಿಗೆ ಹನಿ ಇಲ್ಲ. ಹಾಗೇ ಹಿಲ್‌ಡಿ ಎಂಬ ಪ್ರೋಟೀನಿನ ಎಂಆರ್‌ಎನ್‌ಎ ತಯಾರಾಗಿದ್ದರೂ, ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮ್ ಕೂರಬೇಕಾದ ಜಾಗದ 'ಜಿಜಿಎ' ಅಕ್ಷರಗಳನ್ನು ಸಿಎಸ್‌ಆರ್‌ಎ ಹಿಡಿದಿರುತ್ತದೆ. ಹಿಲ್‌ಡಿ ಪ್ರೋಟೀನು ತಯಾರಾಗುವುದಿಲ್ಲ. ಕರುಳಿನ ಕೋಶಕ್ಕೆ ನುಗ್ಗುವ ಜೀನ್‌ಗಳನ್ನು ಚಾಲೂ ಮಾಡುವುದು ಇದೇ ಹಿಲ್‌ಡಿ.

ಸಿಎಸ್‌ಆರ್‌ಎಯನ್ನು ಯಾರೂ ತಳ್ಳಿ ಎಬ್ಬಿಸುವುದಿಲ್ಲ, ಆಸೆ ತೋರಿಸಿ ಕರೆಯುತ್ತಾರೆ! ಕರುಳಿನಲ್ಲಿ ಅಸಿಟೇಟ್‌ನಂಥ ಸುಳಿವು ಸಿಕ್ಕಾಗ ಬಾರ್‌ಎ-ಸಿರ್‌ಎ ಎಂಬ ಪ್ರೋಟೀನು ಜೋಡಿ ಎಚ್ಚರವಾಗಿ ಸಿಎಸ್‌ಆರ್‌ಬಿ, ಸಿಎಸ್‌ಆರ್‌ಸಿ ಎಂಬ ಪುಟ್ಟ ಆರ್‌ಎನ್‌ಎಗಳನ್ನು ಜಾಸ್ತಿ ಮಾಡಿಸುತ್ತದೆ. ಅವುಗಳ ತುಂಬ ಜಿಜಿಎಗಳೇ. ಸಾಲ್ಮೊನೆಲ್ಲಾದ ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾ ಇ. ಕೋಲೈಯಲ್ಲಿ ಒಂದೇ ಸಿಎಸ್‌ಆರ್‌ಬಿ ಸುಮಾರು 18 ಸಿಎಸ್‌ಆರ್‌ಎಗಳನ್ನು ಹಿಡಿದುಕೊಳ್ಳುತ್ತದೆ. ಹೀಗೆ ಹಿಲ್‌ಡಿಯ ಎಂಆರ್‌ಎನ್‌ಎ ಬಿಡುಗಡೆಯಾಗಿ ತೂಬು ತೆರೆಯಿತು.

ಒಂದು ಮಾತು. ಪರೀಕ್ಷೆಯಲ್ಲಿ ಸಿಎಸ್‌ಆರ್‌ಎಯನ್ನು ಸುಮ್ನೆ 'ತಡೆ' ಅಂತ ಬರೆಯಬೇಡಿ. ಅದನ್ನು ಪೂರ್ತಿ ತೆಗೆದರೂ ಸಾಲ್ಮೊನೆಲ್ಲಾದ ನುಗ್ಗುವ ಜೀನ್‌ಗಳು ಕುಗ್ಗುತ್ತವೆ, ಅತಿಯಾದರೂ ಕುಗ್ಗುತ್ತವೆ. ಇನ್ನು ಇ. ಕೋಲೈಯಲ್ಲಿ ಈಜುಬಾಲದ ಎಫ್‌ಎಲ್‌ಎಚ್‌ಡಿಸಿ ಎಂಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವದಿಂದ ಕಾಯುವುದೂ ಇದೇ ಸಿಎಸ್‌ಆರ್‌ಎ.