ಮಂಗಳೂರಿನ ಹಗಲು ರೈಲಿನಲ್ಲಿ ಕೂತು ಆಫೀಸ್ ಕೆಲಸ ಮಾಡಬಹುದಾ?

ರಜೆ ಉಳಿಸೋಕೆ ಬೆಂಗಳೂರು–ಮಂಗಳೂರು ಹಗಲು ರೈಲಿನಲ್ಲೇ ಲ್ಯಾಪ್‌ಟಾಪ್ ತೆಗೆದು ಕೆಲಸ ಮಾಡಬಹುದಾ ಅಂತ ಕೇಳಿದ್ದೀರಿ. ಅರ್ಧ ದಿನದ ಕೆಲಸ ಖಂಡಿತ ಆಗುತ್ತದೆ. ಇಡೀ ದಿನದ್ದು ಆಗುವುದಿಲ್ಲ. ನಾನು ಊರಿಗೆ ಹೋಗಿ ಬರುವುದು ಇದೇ ದಾರಿಯಲ್ಲಿ.

ಯಶವಂತಪುರದಿಂದ ಹಾಸನದವರೆಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಆಗಾಗ ಕಡಿದುಹೋಗುತ್ತದೆ, ಮತ್ತೆ ಬರುತ್ತದೆ. ಸಕಲೇಶಪುರ ದಾಟಿದ ಮೇಲೆ ಮಾತ್ರ ಕಷ್ಟ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ಸುತ್ತ ಕಾಡು. ರೈಲು ತುಂಬಾ ನಿಧಾನವಾಗಿ ಇಳಿಯುತ್ತದೆ. ಎರಡು ಗಂಟೆಗೂ ಜಾಸ್ತಿ ಹೊತ್ತು ನೆಟ್‌ವರ್ಕ್ ಇಲ್ಲ ಅಂತಲೇ ಲೆಕ್ಕ ಹಾಕಿಕೊಳ್ಳಿ. ಆ ಹೊತ್ತಿಗೆ ಯಾವ ಮೀಟಿಂಗ್‌ಗೂ ಒಪ್ಪಬೇಡಿ.

ಬೇಕಾದ ಫೈಲ್‌ಗಳನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಗೂಗಲ್ ಡಾಕ್ಸ್ ಬಳಸುವವರಾದರೆ ಆಫ್‌ಲೈನ್ ಆಯ್ಕೆಯನ್ನು ಮನೆಯಲ್ಲೇ ಆನ್ ಮಾಡಿಡಿ. ನೆಟ್ ಹೋದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಆಫೀಸ್ ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿ ನೆಚ್ಚಿಕೊಳ್ಳಬೇಡಿ. ಸಿಗ್ನಲ್ ಬಂದು ಹೋಗುವ ಕಡೆ ಅದು ಅವಧಿ ಮುಗಿದ ಮೇಲೆ ಬರುತ್ತದೆ. ಅಥೆಂಟಿಕೇಟರ್ ಆ್ಯಪ್ ವಾಸಿ. ಅದು ಫೋನಿನಲ್ಲೇ ಇರುವ ಗುಟ್ಟಿನ ಕೀ ಮತ್ತು ಗಡಿಯಾರ ನೋಡಿ ಕೋಡ್ ಕೊಡುತ್ತದೆ, ನೆಟ್ ಬೇಕಿಲ್ಲ. ಸ್ಟೇಷನ್ ವೈಫೈ? ಲಾಗಿನ್ ಆಗುವಷ್ಟರಲ್ಲಿ ರೈಲು ಹೊರಟಿರುತ್ತದೆ.

ಜಾಸ್ತಿ ಜನ ಮರೆಯುವುದು ಬ್ಯಾಟರಿಯನ್ನು. ಸಿಗ್ನಲ್ ಕಡಿಮೆಯಾದಷ್ಟೂ ಫೋನ್ ಟವರ್‌ಗಾಗಿ ಹುಡುಕಾಡುತ್ತದೆ, ಚಾರ್ಜ್ ಬೇಗ ಇಳಿಯುತ್ತದೆ. ಒಂದು ಮಳೆಗಾಲದಲ್ಲಿ ನಮ್ಮ ರೈಲು ಘಾಟಿ ನಡುವಿನ ಎಡಕುಮೇರಿ ಸ್ಟೇಷನ್‌ನಲ್ಲಿ ಎದುರಿನ ರೈಲಿಗೆ ದಾರಿ ಬಿಡಲು ನಿಂತಿತು. ನಾನು ಹಾಟ್‌ಸ್ಪಾಟ್ ಆಫ್ ಮಾಡಿರಲಿಲ್ಲ, ಪವರ್ ಬ್ಯಾಂಕೂ ತಂದಿರಲಿಲ್ಲ. ಫೋನ್ ಆಫ್ ಆಯಿತು. ನನ್ನನ್ನು ಕರೆದುಕೊಂಡು ಹೋಗಲು ಸ್ಟೇಷನ್‌ಗೆ ಬಂದಿದ್ದ ಅಪ್ಪ ಕತ್ತಲಲ್ಲಿ ಒಂದೂವರೆ ಗಂಟೆ ಕಾದರು. ಮನೆಯಲ್ಲಿ ಅಮ್ಮ ಫೋನ್ ಮೇಲೆ ಫೋನ್ ಮಾಡಿ ಅಳುವ ಹಾಗೆ ಆಗಿದ್ದರಂತೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಈಗ ಸಕಲೇಶಪುರದಲ್ಲಿ ರೈಲು ನಿಂತಾಗ ಮೇಲ್ ಎಲ್ಲ ಕಳಿಸುತ್ತೇನೆ. ಮನೆಗೆ 'ಘಾಟಿ ಇಳೀತಿದ್ದೀನಿ, ಫೋನ್ ಸಿಗಲ್ಲ' ಅಂತ ಹಾಕಿ ಏರೋಪ್ಲೇನ್ ಮೋಡ್‌ಗೆ ಹೋಗುತ್ತೇನೆ. ಬರೆಯುವ, ಓದುವ ಕೆಲಸವನ್ನು ಘಾಟಿಗೆ ಅಂತಲೇ ಎತ್ತಿಟ್ಟಿರುತ್ತೇನೆ. ಸುಬ್ರಹ್ಮಣ್ಯ ದಾಟಿದ ಮೇಲೆ ಮತ್ತೆ ಆನ್.

ನಿಮ್ಮದು ದಿನವಿಡೀ ವಿಡಿಯೋ ಕಾಲ್ ಇರುವ ಕೆಲಸವಾದರೆ ಸುಮ್ನೆ ರಾತ್ರಿ ರೈಲಿಗೆ ಬುಕ್ ಮಾಡಿ.